ಮೇಷ್ಟ್ರು ವಹಿಸಿಕೊಂಡ ಟೈರು ಖಾತೆ

"ಇನ್ನು ಮುಂದೆ ಈ ಬಸ್ಸಿನ ಆರೂ ಟೈರುಗಳ ಯೋಗಕ್ಷೇಮ ನನ್ನದು!" ಎಂದು ಮೇಷ್ಟ್ರು ಘೋಷಿಸಿದ ದಿನವೇ ಆ ಟೈರುಗಳ ಗ್ರಹಚಾರ ಕೆಟ್ಟಿತು.

ಮೇಷ್ಟ್ರು ಮೂವತ್ತು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅವರ ಹೆಂಡತಿ ಅಷ್ಟೇ ವರ್ಷ ಅದೇ ಶಾಲೆಯ ಬಸ್ಸು ಓಡಿಸಿದವರು. ಶಾಲೆ ಆ ಬಸ್ಸನ್ನು ಮಾರಲು ಹೊರಟಾಗ ಇಬ್ಬರೂ ಸೇರಿ ಕೊಂಡು, ಸೀಟು ಕಿತ್ತು, ಮಂಚ, ಒಲೆ, ಬಚ್ಚಲು ಕೂರಿಸಿ, ಅದನ್ನೇ ಮನೆ ಮಾಡಿಕೊಂಡು ಊರೂರು ತಿರುಗತೊಡಗಿದರು. ಸ್ಟೀರಿಂಗ್ ಹೆಂಡತಿಯ ಕೈಯಲ್ಲಿ. ಮೇಷ್ಟ್ರಿಗೂ ಒಂದು ಖಾತೆ ಬೇಡವೇ?

ಅಲ್ಲಿಯವರೆಗೆ ಟೈರು ತಪಾಸಣೆಯೂ ಆಕೆಯದೇ ಆಗಿತ್ತು. ಬೆಳಗ್ಗೆ ಸಲಾಕೆಯಿಂದ ಟೈರಿಗೊಂದು ಏಟು ಹಾಕಿ, ಸದ್ದು ಕೇಳಿ, "ಗಾಳಿ ಸರಿಯಾಗಿದೆ, ಹೊರಡೋಣ" ಎನ್ನುತ್ತಿದ್ದರು.

"ಇದೇನು ಟೈರೋ, ಕಲ್ಲಂಗಡಿ ಹಣ್ಣೋ? ವಿಜ್ಞಾನ ಬೇಕು ಕಣೇ, ವಿಜ್ಞಾನ!"

ವಿಜ್ಞಾನ ಬಂತು. ಗಾಳಿ ಅಳೆಯಲು ಒಂದು ಗೇಜು. ಅದರ ಮೇಲೆ ಅನುಮಾನ ಬಂದು ಇನ್ನೊಂದು. ಎರಡೂ ಬೇರೆ ಬೇರೆ ಅಂಕಿ ತೋರಿಸಿದ್ದರಿಂದ ತೀರ್ಪು ಕೊಡಲು ಮೂರನೆಯದು! ಗಾಳಿ ತುಂಬಲು ಒಂದು ಕಂಪ್ರೆಸರ್, ಅದು ಕೈಕೊಟ್ಟರೆ ಇರಲೆಂದು ಇನ್ನೊಂದು. ಮೂರು ಜಾಕು, ಎರಡು ಸ್ಟೆಪ್ನಿ, ಜಾಕಿನ ಅಡಿಗಿಡಲು ಒಂದು ರಾಶಿ ಕಬ್ಬಿಣದ ದಿಮ್ಮಿ. ಎಲ್ಲವೂ ಬಸ್ಸಿನ ಎಡಗಡೆಯ ಡಿಕ್ಕಿಯಲ್ಲಿ ವಿರಾಜಮಾನವಾದವು. ಟೈರು ತಣ್ಣಗಿದ್ದಾಗಲೇ ಗಾಳಿ ನೋಡಬೇಕೆಂದು ಮೇಷ್ಟ್ರು ಥರ್ಮಾಮೀಟರ್ ಹಿಡಿದು, ಯಾವ ಟೈರಿಗೂ ಜ್ವರವಿಲ್ಲವೆಂದು ಖಾತ್ರಿಯಾಗುವವರೆಗೆ ಬಸ್ಸು ಹೊರಡಲು ಬಿಡುತ್ತಿರಲಿಲ್ಲ.

"ರೀ, ವಾರದಿಂದ ಸ್ಟೀರಿಂಗು ಎಡಕ್ಕೆ ಎಳೀತಾ ಇದೆ."

"ಅದೆಲ್ಲ ನಿನ್ನ ಭ್ರಮೆ. ಮೂರೂ ಗೇಜು ಸರಿ ಅಂತಿವೆ!"

ತಿಂಗಳಾಗುವಷ್ಟರಲ್ಲಿ ಎಡಗಡೆಯ ಹಿಂದಿನ ಜೋಡಿ ಟೈರು ಅಂಚೆಲ್ಲ ಸವೆದು ಬೋಳಾಯಿತು. ಆಗಲೇ ಅವರು ಮಗಳ ಊರಿಗೆ ಹೊರಟಿದ್ದರು. ಭಾನುವಾರ ಅವಳ ಹೊಸ ಅಂಗಡಿ ತೆರೆಯುವುದಿತ್ತು. ಅಂಗಡಿಗೆ ಹದಿನೆಂಟು ಪರದೆ ಹೊಲಿದುಕೊಡುತ್ತೇನೆಂದು ತಾಯಿ ಮಾತು ಕೊಟ್ಟಿದ್ದರು. ಬಸ್ಸು ನಿಂತಲ್ಲೆಲ್ಲ ಹೊಲಿಯುತ್ತಿದ್ದರು. ಮೇಷ್ಟ್ರ ಕಣ್ಣು ಎಡಗಡೆಯ ಕಿಟಕಿಯ ಪಕ್ಕದಲ್ಲಿದ್ದ ಆ ಹೊಲಿಗೆ ಮಷೀನಿನ ಮೇಲೆ ಬಿತ್ತು.

"ಸಿಕ್ಕಿತು ಕಳ್ಳ! ಈ ಕಬ್ಬಿಣದ ಮಷೀನೇ ಟೈರು ತಿಂದಿರೋದು. ಇದು ಇಳೀಬೇಕು."

"ಪರದೆ?"

"ಕೈಯಲ್ಲಿ ಹೊಲಿ."

"ಮಗಳು ಹೊಟ್ಟೇಲಿದ್ದಾಗ ಕೊಂಡ ಮಷೀನು ಕಣ್ರೀ! ಇದನ್ನ ದಾರೀಲಿ ಬಿಟ್ಟು ಬರಲಾ?" ಆಕೆಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. "ತೂಗಿಸಿ ನೋಡೋಣ ಬನ್ನಿ!"

"ಆಗಲಿ! ಯಾರ ಸಾಮಾನಿಂದ ಟೈರು ಸವೆದಿದೆಯೋ ಅವರು ಆ ಸಾಮಾನು ಇಳಿಸಿಕೊಂಡು, ಅದರ ಜೊತೆಗೇ ಲಾರೀಲಿ ಹಿಂದೆ ಬರಬೇಕು!" ಮೇಷ್ಟ್ರು ಮೀಸೆ ತಿರುವಿದರು.

ಹೆದ್ದಾರಿ ಪಕ್ಕದಲ್ಲಿ ಲಾರಿಗಳನ್ನು ತೂಗುವ ಕಟ್ಟೆಯಿತ್ತು. ತೂಕದವನು ಒಂದೊಂದೇ ಬದಿಯ ಚಕ್ರಗಳನ್ನು ಹತ್ತಿಸಿ ನೋಡಿದ. "ಎಡಗಡೆ ನಾನೂರು ಕೆಜಿ ಜಾಸ್ತಿ ಇದೆ ಸಾರ್."

"ನಾನು ಹೇಳಲಿಲ್ವಾ!"

ಮಷೀನು ಇಳಿಸಿ ಮತ್ತೆ ತೂಗಿದರು.

"ಈಗ ಮುನ್ನೂರ ಅರವತ್ತೈದು."

ಮೇಷ್ಟ್ರ ಮೀಸೆ ಇಳಿಯಿತು. ಹೆಂಡತಿ ಎಡಗಡೆಯ ಡಿಕ್ಕಿಯ ಬಾಗಿಲು ತೆರೆದರು. ಕಂಪ್ರೆಸರು, ಜಾಕು, ಸ್ಟೆಪ್ನಿ, ದಿಮ್ಮಿ ಒಂದೊಂದಾಗಿ ಹೊರಬಂದವು. ತೂಕದವನು ಮೂಗಿನ ಮೇಲೆ ಬೆರಳಿಟ್ಟುಕೊಂಡ. "ಇದೆಲ್ಲ ಯಾಕೆ ಸಾರ್?"

"ಟೈರು ಸವೀಬಾರ್ದು ಅಂತ," ಎಂದರು ಹೆಂಡತಿ.

ಮತ್ತೆ ತೂಗಿದಾಗ ಎರಡೂ ಬದಿ ಸರಿಹೋಯಿತು. ಪಕ್ಕದ ಅಂಗಡಿಯಲ್ಲಿ ಸವೆದ ಜೋಡಿಯ ಜಾಗಕ್ಕೆ ಆ ಎರಡು ಸ್ಟೆಪ್ನಿಯನ್ನೇ ಹಾಕಿಸಿದರು. ಮಷೀನು ಮತ್ತೆ ಕಿಟಕಿ ಪಕ್ಕ ಹೋಗಿ ಕೂತಿತು. ಆಕೆ ಸಲಾಕೆ ತೆಗೆದುಕೊಂಡು ಆರೂ ಟೈರುಗಳಿಗೆ ಏಟು ಹಾಕಿ, ಕಿವಿಗೊಟ್ಟು ಕೇಳಿ, ಬಸ್ಸು ಹೊರಡಿಸಿದರು. ಕಿಟಕಿಯಿಂದ ಕೈ ಬೀಸಲು ಮಾತ್ರ ಮರೆಯಲಿಲ್ಲ.

ಹಿಂದೆ ಬರುತ್ತಿದ್ದ ಲಾರಿಯಲ್ಲಿ, ತಮ್ಮ ಜಾಕು, ಕಂಪ್ರೆಸರು, ದಿಮ್ಮಿಗಳ ಜೊತೆ, ಮೂರು ಗೇಜುಗಳನ್ನು ಮಡಿಲಲ್ಲಿಟ್ಟುಕೊಂಡು ಮೇಷ್ಟ್ರು ಕೂತಿದ್ದರು. ಲಾರಿ ಡ್ರೈವರು ಅವುಗಳನ್ನು ಭಕ್ತಿಯಿಂದ ನೋಡಿದ.

"ಸಾರ್, ನನ್ನ ಗಾಡೀದೂ ಒಂದು ಟೈರು ಒಂದೇ ಕಡೆ ಸವೀತಾ ಇದೆ. ಏನು ಮಾಡ್ಲಿ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಮುಂದೆ ನೆಟ್ಟಗೆ ಓಡುತ್ತಿದ್ದ ಬಸ್ಸನ್ನು ನೋಡಿದರು.

"ಮೊದಲು ನಿನ್ನ ಹೆಂಡತೀನ ಕೇಳಪ್ಪಾ!"