ಬಿಳಿ ಮೊಲದ ಲೇಖಕರಿಗೆ, ಹಿಂಬದಿಯ ಸಾಲಿನ ಬಗ್ಗೆ

ಮಾನ್ಯರೇ,

ಬೆಳ್ಳಿತೆರೆಯ ಬೆಳಕೂ, ಅಭಿಮಾನಿಗಳ ಉಸಿರೂ, ಕಳೆದ ತಿಂಗಳಿನಿಂದೀಚೆಗೆ ಮಕ್ಕಳ ಸಾಹಿತ್ಯದ ಆಧಾರಸ್ತಂಭವೂ ಆಗಿರುವ ತಮ್ಮ ಸನ್ನಿಧಿಗೆ, ತಮ್ಮ ಮೊದಲ ಪುಸ್ತಕವನ್ನು ಹೊರತಂದ ಪ್ರಕಾಶನದ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಕಥೆ ಓದುವ ಕೆಲಸದವಳು ಮಾಡುವ ಸವಿನಯ ವಂದನೆಗಳು. ತಾವು, ತಮ್ಮ ಕುಟುಂಬದವರು ಮತ್ತು ತಮ್ಮ ಕೇಶವಿನ್ಯಾಸಕರು ಕ್ಷೇಮವೆಂದು ನಂಬಿದ್ದೇನೆ.

ಮೊದಲಿಗೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಇದನ್ನು ಇಷ್ಟು ದಿನ ನೆರೆಹೊರೆಯವರಿಂದಲೂ ಗೆಳತಿಯರಿಂದಲೂ ಮುಚ್ಚಿಟ್ಟಿದ್ದೆ. ತಮ್ಮ ಪುಸ್ತಕವನ್ನು ನಾನು ಓದಿದ್ದೇನೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದಕ್ಷರ ಬಿಡದೆ, ಗಟ್ಟಿಯಾಗಿ. ಊರಿನಲ್ಲಿ ಅದನ್ನು ಹೊಗಳುವವರು ಒಂದು ಗುಂಪು, ತೆಗಳುವವರು ಇನ್ನೊಂದು ಗುಂಪು. ಓದಿದವಳು ಎಂದು ಗೊತ್ತಾದರೆ ಎರಡೂ ಗುಂಪಿನವರು ನನ್ನನ್ನು ಹತ್ತಿರ ಸೇರಿಸುವುದಿಲ್ಲವೆಂಬ ಭಯವಿತ್ತು.

ನಮ್ಮ ಬೀದಿಯ ಕ್ಷೌರದಂಗಡಿಯವರು ತಮ್ಮ ಪರ. “ಅವರು ಬರ್ದಿದ್ದು ಅಂದ್ಮೇಲೆ ಅದ್ರಲ್ಲಿ ಕೆಟ್ಟದ್ದು ಇರಕ್ಕೆ ಸಾಧ್ಯಾನಾ?” ಎಂದು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಾ ಕೇಳುತ್ತಾರೆ, ಕತ್ತಿ ಅವರ ಕೈಯಲ್ಲಿರುವುದರಿಂದ ಯಾರೂ ಎದುರಾಡುವುದಿಲ್ಲ. ಎದುರುಗಡೆಯ ಹೊಲಿಗೆಯವರು ವಿರೋಧ ಪಕ್ಷ. “ಅವನಿಗೇನ್ ಬರಿಯಕ್ ಬರತ್ತೆ, ಯಾರೋ ಬಡಪಾಯಿ ಕೈಲಿ ಬರ್ಸಿರ್ತಾನೆ” ಎನ್ನುತ್ತಾರೆ. ಎತ್ತು ಈಯಿತು ಎಂದರೆ ಒಬ್ಬರು ಕರುವನ್ನು ಕೊಟ್ಟಿಗೆಗೆ ಕಟ್ಟುತ್ತಾರೆ, ಇನ್ನೊಬ್ಬರು ಆ ಕರು ಪಕ್ಕದ ಮನೆಯದು ಎಂದು ಜಗಳಕ್ಕೆ ನಿಲ್ಲುತ್ತಾರೆ. ಎತ್ತನ್ನು ಹೋಗಿ ನೋಡುವವರು ಯಾರೂ ಇಲ್ಲ. ಬೇರೆಯವರು ಬರೆದುಕೊಟ್ಟದ್ದೆಂಬ ಆರೋಪವನ್ನು ಮಾತ್ರ ನಾನು ಹೋದಲ್ಲೆಲ್ಲ ಖಂಡಿಸಿದ್ದೇನೆ. ಬರವಣಿಗೆಯನ್ನೇ ಕಸುಬು ಮಾಡಿಕೊಂಡ ಯಾರೇ ಆದರೂ ಹಾಗೆ ಬರೆಯಲಾರರು.

ಈ ಪತ್ರ ತಮ್ಮ ಕಚೇರಿಯವರು ನನ್ನಿಂದ ಬಯಸಿದ ಕ್ಷಮಾಪಣೆ ಪತ್ರವೇ ಆಗಿದೆ. ಯಾವುದಕ್ಕೆ ಕ್ಷಮೆ ಎಂದು ತಿಳಿಯದೆ ಕೇಳುವುದು ತಮ್ಮಂಥ ದೊಡ್ಡವರಿಗೆ ಅವಮಾನವಾದೀತೆಂದು ನಡೆದದ್ದನ್ನು ಮೊದಲಿನಿಂದ ನಿವೇದಿಸುತ್ತೇನೆ.

ನಾನು ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಒಂದೆಡೆ ಕೂರಲಾಗದ ಕಾರಣ ಮನೆಯಲ್ಲಿ ನನಗೆ ಬುಗುರಿ ಎಂದು ಹೆಸರು. ನನ್ನ ಚಿಕ್ಕಮ್ಮ ಪ್ರಕಾಶನದ ಕಟ್ಟಡದ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಾರೆ. ಪ್ರಕಾಶನದ ಯಜಮಾನರು ಆ ಕೋಣೆಗೆ ಬಾಡಿಗೆ ಕೇಳುವುದಿಲ್ಲ. ಬದಲಿಗೆ, ಅಚ್ಚಿಗೆ ಹೋಗುವ ಪ್ರತಿಯೊಂದು ಕಥೆಯನ್ನೂ ಮೊದಲು ಅಲ್ಲಿಯ ಚಾಪೆಯ ಮೇಲೆ ಕೂತು ಓದಬೇಕು. ಓದುವವಳು ನಾನು. ಓದಿ ಮುಗಿಸಿ ಪುಸ್ತಕ ಮುಚ್ಚಿ ಸುಮ್ಮನೆ ಕಾಯಬೇಕು. ಹೇಗಿತ್ತು ಎಂದು ಕೇಳುವಂತಿಲ್ಲ. ಯಾವುದಾದರೊಂದು ಮಗು ತಾನಾಗಿಯೇ “ಇನ್ನೊಂದ್ ಸಲ” ಎಂದರೆ ಕಥೆ ಅಚ್ಚಿಗೆ ಹೋಗುತ್ತದೆ, ಹಿಂಬದಿಯ ರಕ್ಷಾಪುಟದ ಮೇಲೆ ‘ಮಕ್ಕಳು ಇನ್ನೊಂದು ಸಲ ಎಂದು ಕೇಳಿದ ಪುಸ್ತಕ’ ಎಂಬ ಸಾಲು ಬೀಳುತ್ತದೆ. ಎನ್ನದಿದ್ದರೆ ಇಲ್ಲ. ಚಿಕ್ಕಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದರು: “ಓದ್ವಾಗ ಮುಖದಲ್ಲಿ ಆಸೆ ತೋರಿಸ್ಬೇಡ ಕಣೇ. ಮಕ್ಕಳು ಒಳ್ಳೇವು, ನಿನ್ನ ಮೇಲಿನ ಕನಿಕರಕ್ಕೇ ಇನ್ನೊಂದ್ ಸಲ ಅಂದ್ಬಿಡ್ತಾವೆ.” ಯಜಮಾನರು ಯೌವನದಲ್ಲಿ ಬರೆದ ಶಿಶುಗೀತೆಗಳು ಇವತ್ತಿಗೂ ಅವರ ಕಪಾಟಿನಲ್ಲೇ ಇವೆ. ಚಾಪೆಯ ಮೇಲೆ ಯಾರೂ ಕೇಳಲಿಲ್ಲ, ಅವರೂ ಅಚ್ಚು ಹಾಕಲಿಲ್ಲ.

ಇಂಥ ಚಾಪೆಯ ಮುಂದೆ ತಮ್ಮ ಬಿಳಿ ಮೊಲವನ್ನು ತಂದೆ. ತಮ್ಮ ಮೊಲವು ಓಟದಲ್ಲಿ ಮೊದಲು, ಈಜಿನಲ್ಲಿ ಮೊದಲು, ಹಾಡಿನಲ್ಲಿ ಮೊದಲು, ಆಮೇಲೆ ವಿನಯದಲ್ಲಿಯೂ ಮೊದಲು. ಪ್ರತಿ ಪುಟದ ಕೊನೆಯಲ್ಲಿ ಕಾಡಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಮೊಲವು ಒಂದು ನೀತಿ ಹೇಳುತ್ತದೆ. ಚಿತ್ರೀಕರಣದ ಕ್ಯಾರವಾನಿನಲ್ಲಿ ಮುಖದ ಬಣ್ಣ ಒಣಗುವಷ್ಟರಲ್ಲಿ ಕಥೆಯನ್ನು ಹೇಳಿ ಬರೆಸಿದ್ದಾಗಿ ತಾವು ಸಂದರ್ಶನದಲ್ಲಿ ತಿಳಿಸಿದ್ದು ವಿನಯದ ಮಾತೆಂದು ಜನ ಭಾವಿಸಿದರು. ಅದು ಅಕ್ಷರಶಃ ಸತ್ಯವೆಂದು ಅವರಿಗೆ ಮನವರಿಕೆ ಮಾಡಿಕೊಟ್ಟವಳು ನಾನೇ.

ಓದಲು ತೊಡಗಿ ಸ್ವಲ್ಪ ಹೊತ್ತಿಗೆ ಒಂದು ಮಗುವಿಗೆ ನೀರಡಿಕೆಯಾಯಿತು. ನೀರಡಿಕೆ ಅಂಟುರೋಗವೆಂದು ಆವತ್ತೇ ನನಗೆ ಗೊತ್ತಾದದ್ದು. ಉಳಿದವರಲ್ಲಿ ಒಬ್ಬಳು ಮಾತ್ರ ಶ್ರದ್ಧೆಯಿಂದ, “ಅಕ್ಕಾ, ಈ ಮೊಲ ಯಾವಾಗ್ಲೂ ಸೊಂಟದ ಮೇಲೆ ಕೈ ಇಟ್ಕೊಂಡೇ ನಿಂತಿರತ್ತಲ್ಲ, ಅದಕ್ಕೆ ಸೊಂಟ ನೋವಾ?” ಎಂದು ಕೇಳಿದಳು. ತಮ್ಮ ಅಭಿನಯ ಶೈಲಿಯ ಪರಿಚಯ ಅವಳಿಗಿಲ್ಲದ್ದರಿಂದ ಆ ಪ್ರಶ್ನೆಯನ್ನು ತಾವು ಮನ್ನಿಸಬೇಕು.

ಇಲ್ಲಿ ತಮ್ಮ ಪುಸ್ತಕಕ್ಕೆ ಅನುಕೂಲವಾದ ಸಂಗತಿಯನ್ನೂ ಮರೆಮಾಚದೆ ಹೇಳಬೇಕು. ಚಿತ್ರ ಬರೆದ ಹಿರಿಯರು ಒಂದು ಪುಟದ ಮೂಲೆಯಲ್ಲಿ, ಕಥೆಯಲ್ಲಿ ಎಲ್ಲಿಯೂ ಇಲ್ಲದ ಒಂದು ಇರುವೆಯನ್ನು ಬಿಡಿಸಿದ್ದರು. ಅದು ತನಗಿಂತ ದೊಡ್ಡದಾದ ಸಕ್ಕರೆ ಹರಳನ್ನು ಹೊತ್ತು ಮೊಲಕ್ಕೆ ಬೆನ್ನು ಹಾಕಿ ಎಲ್ಲಿಗೋ ಹೋಗುತ್ತಿತ್ತು. ನೀರು ಕುಡಿಯಲು ಹೋದವರೆಲ್ಲ ಅದಕ್ಕಾಗಿ ವಾಪಸು ಬಂದರು. “ಎಲ್ಲಿಗ್ ಹೋಗ್ತಿದೆ?” “ಅವರಮ್ಮ ಕಾಯ್ತಿದಾಳೆ ಕಣೋ.” “ಬಿದ್ದೋದ್ರೆ?” ಎಂದು ಅವರವರಲ್ಲೇ ವಾದವಾಯಿತು, ಕೊನೆಗೆ ಒಬ್ಬ, “ಇನ್ನೊಂದ್ ಸಲ ಇರುವೆ ತೋರ್ಸಕ್ಕಾ” ಎಂದ. ನಾನು ಹೋಗಿ ಇದ್ದದ್ದನ್ನು ಇದ್ದ ಹಾಗೆ ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಸದ್ಯ, ಇರುವೆನಾದ್ರೂ ಕಾಪಾಡ್ತಲ್ಲ” ಎಂದರು. ಅವರು ತಮ್ಮನ್ನು ಹುಡುಕಿಕೊಂಡು ಬಂದದ್ದು ದುರಾಸೆಯಿಂದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರಕಾಶನದ ಪುಸ್ತಕದಂಗಡಿಯ ಬಾಗಿಲಿಗೆ ಜನ ಬಂದು ಬಹಳ ಕಾಲವಾಗಿತ್ತು.

ಆಮೇಲೆ ತಮ್ಮ ಕಚೇರಿಯಿಂದ ಸೂಚನೆ ಬಂತು: ಇರುವೆಯು ನೋಡುವವರ ಗಮನವನ್ನು ಮೊಲದಿಂದ ಬೇರೆಡೆಗೆ ಸೆಳೆಯುತ್ತಿರುವುದರಿಂದ ಅದನ್ನು ತೆಗೆಯತಕ್ಕದ್ದು. ತೆಗೆದರು. ಅದಿದ್ದ ಜಾಗದಲ್ಲಿ ತಮ್ಮ ಹಸ್ತಾಕ್ಷರ ಬಂತು. ಅಕ್ಷರ ದುಂಡಾಗಿದೆ, ಆದರೆ ಅದು ಎಲ್ಲಿಗೂ ಹೋಗುತ್ತಿಲ್ಲ. ನಿಯಮದ ಪ್ರಕಾರ ಹೊಸ ಪ್ರತಿಯನ್ನು ಮತ್ತೆ ಚಾಪೆಯ ಮೇಲೆ ಓದಿ, ಮುಚ್ಚಿ, ಕಾದೆ. ಚಿಕ್ಕಮ್ಮನೂ ಪಕ್ಕದಲ್ಲಿ ಕೂತು ಕಾದರು. ಮಕ್ಕಳು ನಮ್ಮಿಬ್ಬರ ಮುಖವನ್ನು ನೋಡಿದರು, ನಾವು ಗೋಡೆಯನ್ನು ನೋಡಿದೆವು. ಯಾರೂ ಏನೂ ಅನ್ನಲಿಲ್ಲ.

ಆದರೂ ಪುಸ್ತಕ ಬಂದಾಗ ಹಿಂಬದಿಯಲ್ಲಿ, ತಮ್ಮ ಭಾವಚಿತ್ರದ ಗಲ್ಲದ ಕೆಳಗೆ, ಆ ಸಾಲು ಇತ್ತು. ನಾನು ಕೇಳಿದ್ದಕ್ಕೆ ಯಜಮಾನರು ನನ್ನ ಮುಖ ನೋಡದೆ, “ಇರುವೆ ಇದ್ದಾಗ ಅಂದಿದ್ರಲ್ಲ ತಾಯಿ, ಅದನ್ನೇ ಇಟ್ಕೊಳ್ಳೋಣ. ಒಂದು ಸಾಲು, ಒಂದೇ ಸಾಲು” ಎಂದರು. ಸ್ವಂತ ಶಿಶುಗೀತೆಗಳಿಗೂ ಕೊಡದ ಸಾಲನ್ನು ಅವರು ತಮಗೆ ಕೊಟ್ಟಿದ್ದಾರೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ತಮಗೆ ಇನ್ನೆಲ್ಲಿಯೂ ಸಿಗಲಾರದು.

ಬಿಡುಗಡೆಯ ದಿನ ಅಂಗಡಿಯ ಮುಂದೆ ಬೀದಿಯ ಮೂಲೆಯವರೆಗೆ ಜನರ ಸಾಲು ನಿಂತಿತ್ತು, ಪುಸ್ತಕ ಕೊಡಲು ನನ್ನನ್ನೂ ಕರೆದಿದ್ದರು. ಹುಟ್ಟಿದಾಗಿನಿಂದ ಪುಸ್ತಕದಂಗಡಿಯ ಮೆಟ್ಟಿಲು ಹತ್ತದವರು ತಮ್ಮ ಹೆಸರು ಕೇಳಿ ಬಂದಿದ್ದರು. ಇದು ತಮ್ಮ ನಿಜವಾದ ಸಾಧನೆ, ಇದನ್ನು ಅಣಕಿಸುವಷ್ಟು ಕೃತಘ್ನಳು ನಾನಲ್ಲ. ಅವರಲ್ಲಿ ಒಬ್ಬರು ಲಾರಿ ಚಾಲಕರು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ತಿರುಗಿಸಿ ನೋಡುವ ಹಾಗೆ ಹಿಂದೆ ಮುಂದೆ ನೋಡಿ, “ಇಲ್ಲೇನೋ ಬರ್ದಿದೆಯಲ್ಲಮ್ಮ, ಕನ್ನಡಕ ತಂದಿಲ್ಲ, ಸ್ವಲ್ಪ ಓದಿ ಹೇಳು” ಎಂದರು. ಓದಿದೆ. “ಹೌದಾ? ನಿಜವಾಗ್ಲೂ ಕೇಳಿದ್ರಾ? ನನ್ನ ಮಗಳು ಪುಸ್ತಕ ಅಂದ್ರೆ ಎದ್ದು ಓಡ್ತಾಳೆ. ಇದಕ್ಕಾದ್ರೂ ಕೂತ್ಕೋತಾಳಾ?” ಎಂದರು.

ಇಲ್ಲಣ್ಣ, ಯಾರೂ ಕೇಳಲಿಲ್ಲ ಎಂದೆ.

ನಾನು ಮಾಡಿದ ಅಪರಾಧ ಇಷ್ಟು. ತಮಗೆ ಇದರಿಂದ ಒಂದು ಪ್ರತಿಯೂ ನಷ್ಟವಾಗಲಿಲ್ಲ ಎಂಬುದನ್ನು ಗಮನಕ್ಕೆ ತರುತ್ತೇನೆ. ಆ ಅಣ್ಣ ಸ್ವಲ್ಪ ಯೋಚಿಸಿ, “ಹಂಗಾದ್ರೆ ಇದು ನನಗಿರ್ಲಿ, ಅವಳಿಗೆ ಬೇರೆ ಕೊಡು” ಎಂದು ಎರಡನ್ನೂ ಕೊಂಡುಹೋದರು. ಆದರೆ ಅವರ ಹಿಂದೆ ನಿಂತಿದ್ದವರು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದರು. ಸಂಜೆಯ ಹೊತ್ತಿಗೆ ನನ್ನ ‘ಇಲ್ಲಣ್ಣ’ ಊರೂರು ಸುತ್ತಿತು. ಹೊಲಿಗೆಯವರು ನನಗೆ ಚಹಾ ಕಳಿಸಿದರು, ಕ್ಷೌರದಂಗಡಿಯವರು ನನ್ನ ತಮ್ಮನ ತಲೆಗೂದಲನ್ನು ಅರ್ಧ ಕತ್ತರಿಸಿ ಎಬ್ಬಿಸಿ ಕಳಿಸಿದರು. ಇಬ್ಬರೂ ಪುಸ್ತಕವನ್ನು ಇನ್ನೂ ತೆರೆದಿಲ್ಲ.

ಈಗ ತಮ್ಮ ಕಚೇರಿಯವರು ಬಹಳ ಸೌಜನ್ಯದಿಂದ ಎರಡು ದಾರಿ ತೋರಿಸಿದ್ದಾರೆ. ಮಕ್ಕಳು ಕೇಳಿದ್ದು ನಿಜ, ನನಗೆ ಮರೆತುಹೋಗಿತ್ತು ಎಂದು ನಾನು ಬರೆದುಕೊಡಬೇಕು. ಇಲ್ಲವೇ ನಾನು ಆ ಕೋಣೆಯಲ್ಲಿ ಇರಬಾರದು. ಎರಡೂ ಆಗದಿದ್ದರೆ ತಮ್ಮ ಮುಂದಿನ ಪುಸ್ತಕ ಬೇರೆ ಪ್ರಕಾಶನಕ್ಕೆ ಹೋಗುತ್ತದೆ, ಆಗ ಅಂಗಡಿಯೂ ಹಿಂದಿನ ಕೋಣೆಯೂ ಉಳಿಯುವುದಿಲ್ಲ. “ಮಕ್ಕಳ ಬಾಯಿಮಾತು, ಸಾಕ್ಷಿ ಯಾರಿದಾರೆ? ಬರ್ದುಬಿಡು ತಾಯಿ” ಎಂದು ಯಜಮಾನರು ಅಂದರು. ಚಿಕ್ಕಮ್ಮ ಮಾತ್ರ ಮಕ್ಕಳ ಲೋಟಗಳನ್ನು ತೊಳೆಯುತ್ತಾ, “ನೀನು ಬರ್ಕೊಟ್ರೆ ಬರ್ಕೊಡು, ನಾನು ಬೈಯಲ್ಲ. ಆದ್ರೆ ಆಮೇಲೆ ಪುಸ್ತಕ ಮುಚ್ಚಿ ಕಾಯ್ತಾ ಕೂರೋದು ಯಾವ ಚಂದಕ್ಕೆ, ಅದನ್ನೂ ಹೇಳ್ಬಿಟ್ಟು ಬರಿ” ಎಂದರು. ನನಗೆ ಹೇಳಲು ತಿಳಿಯಲಿಲ್ಲ, ಆದ್ದರಿಂದ ಬರೆಯಲಿಲ್ಲ.

ಕ್ಷಮೆಯ ಜೊತೆಗೆ ಕೆಲವು ಅರಿಕೆಗಳಿವೆ. ತಾವು ಒಂದು ದಿನ ಕಾರು, ಕಪ್ಪು ಕನ್ನಡಕ, ಅಂಗರಕ್ಷಕರನ್ನು ಬೀದಿಯಲ್ಲೇ ಬಿಟ್ಟು ಆ ಚಾಪೆಯ ಮೇಲೆ ಕೂತು ತಮ್ಮ ಮೊಲವನ್ನು ತಾವೇ ಓದಿ, ಮುಚ್ಚಿ, ಕಾಯಬೇಕು. ಮಕ್ಕಳು ಕೇಳಿದರೆ ಪುಸ್ತಕದ ಕಟ್ಟುಗಳನ್ನು ನಾನೇ ತಲೆಯ ಮೇಲೆ ಹೊತ್ತು ಮನೆ ಮನೆಗೆ ಮಾರುತ್ತೇನೆ. ಅಲ್ಲದೆ, ಮಕ್ಕಳಿಗಾಗಿ ಬರೆಯಲು ಯಾರಿಂದಲೂ ಸಾಧ್ಯವೆಂದು ತಾವು ತೋರಿಸಿಕೊಟ್ಟಿರುವುದರಿಂದ, ದೊಡ್ಡವರಿಗಾಗಿ ನಟಿಸಲೂ ಯಾರಿಂದಲಾದರೂ ಸಾಧ್ಯವೆಂದು ನಂಬಿ, ತಮ್ಮ ಮುಂದಿನ ಚಿತ್ರದಲ್ಲಿ ನಾಯಕನ ಪಾತ್ರವನ್ನು ಸೊಂಟದ ಪ್ರಶ್ನೆ ಕೇಳಿದ ಆ ಹುಡುಗಿಗೆ ಕೊಡಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಅವಳು ಮಲಗುತ್ತಾಳೆ. ಅದೊಂದನ್ನು ಸಂಭಾಳಿಸಿಕೊಂಡರೆ ತಾವು ಬಣ್ಣ ಹಚ್ಚಿಕೊಳ್ಳುವಷ್ಟು ಹೊತ್ತಿನಲ್ಲಿ ಮುಗಿಸಿಕೊಡುತ್ತಾಳೆ.

ಇವೆರಡೂ ಕಷ್ಟವೆಂದಾದರೆ ಒಂದೇ ಒಂದು ಉಪಕಾರ. ಮರುಮುದ್ರಣದಲ್ಲಿ ಮೊಲ ಇರಲಿ, ಚಪ್ಪಾಳೆ ಇರಲಿ, ಹಸ್ತಾಕ್ಷರ ಇರಲಿ, ತಮ್ಮ ಭಾವಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದರೂ ಸರಿ. ಹಿಂಬದಿಯ ಆ ಸಾಲನ್ನು ಮಾತ್ರ ತೆಗೆಸಿಬಿಡಿ. ಅದು ಇಲ್ಲದಿದ್ದರೂ ತಮ್ಮ ಪುಸ್ತಕ ಹೀಗೆಯೇ ಮಾರಾಟವಾಗುತ್ತದೆ. ಆದರೆ ಅದು ಸುಳ್ಳಾದರೆ, ಆ ಸಾಲೊಂದನ್ನೇ ನಂಬಿರುವ ಉಳಿದವರ ಪುಸ್ತಕಗಳಿಗೆ ಬೇರೇನೂ ಇಲ್ಲ.

ತಮ್ಮ ಅಮೂಲ್ಯ ಸಮಯವನ್ನು, ಬಹುಶಃ ಇನ್ನೊಂದು ಪುಸ್ತಕ ಬರೆಯಬಹುದಾಗಿದ್ದಷ್ಟು ಸಮಯವನ್ನು, ತೆಗೆದುಕೊಂಡದ್ದಕ್ಕೆ ಮನಃಪೂರ್ವಕ ಕ್ಷಮೆ ಯಾಚಿಸುತ್ತೇನೆ. ಕಚೇರಿಯವರು ಕೇಳಿದ ಕ್ಷಮೆ ಇದೇ ಎಂದು ಫೈಲಿಗೆ ಸೇರಿಸಿಕೊಳ್ಳಬಹುದು.

ತಮ್ಮ ವಿಶ್ವಾಸಿ,
ತಮ್ಮನ್ನು ಪೂರ್ತಿ ಓದಿದವಳು

ಮರೆತಿದ್ದ ಮಾತು: ತಮ್ಮ ಎರಡನೆಯ ಪುಸ್ತಕ ಸದಾ ಸತ್ಯವನ್ನೇ ನುಡಿಯುವ ಒಂದು ಆಮೆಯ ಕುರಿತದ್ದೆಂದು ಯಜಮಾನರಿಂದ ತಿಳಿದು ಸಂತೋಷವಾಯಿತು. ಅದನ್ನು ಚಾಪೆಯ ಮೇಲೆ ಓದಲು ಬೇರೆ ಹುಡುಗಿ ಗೊತ್ತಾಗಿದ್ದಾಳೆ. ಓದುವಾಗ ಬಹಳ ನಗುತ್ತಾಳಂತೆ, ತಮಗೆ ಅನುಕೂಲವಾದೀತು. ಚಿಕ್ಕಮ್ಮನ ಕೋಣೆಗೆ ಬೀಗ ಹಾಕಿಸಬೇಕಾದ ಅಗತ್ಯ ತಮ್ಮ ಕಚೇರಿಗೆ ಇನ್ನಿಲ್ಲ. ಅಕ್ಕನ ಊರಿನಲ್ಲಿ ಬಣ್ಣದ ಅಂಗಡಿಯೊಂದರಲ್ಲಿ ಕೆಲಸವಿದೆ, ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.