ಇಳಿಜಾರಿನ ವಿದ್ಯೆ

ಹೊಳಲ್ಕೆರೆಯಲ್ಲಿ ಭಾವೀ ಬೀಗರಾದ ತಿಪ್ಪಯ್ಯನವರ ಮನೆ ಮುಂದೆ, ಅರ್ಧ ಬೀದಿ ನೋಡುತ್ತಿರುವಾಗಲೇ, ವಕೀಲ ಚಿತ್ರಲಿಂಗಪ್ಪನವರ ಫಿಯಟ್ ಕಾರು 'ಕ್ರ್... ಕ್ರ್...' ಎಂದು ಗೊರಕೆ ಹೊಡೆದು ಮಲಗಿಬಿಟ್ಟಿತು. ಅದೇ ಕಾರನ್ನು ಹೊಗಳುತ್ತ ಎರಡು ಗಂಟೆ ಬೀಗರೆದುರು ಬೀಗಿದ್ದರು, ಪಾಪ. ಕಡೆಗೆ ತಿಪ್ಪಯ್ಯನವರೇ ಕಚ್ಚೆ ಬಿಗಿದು ತಳ್ಳಿದರು. ಕಾರು ಎದ್ದಿತು, ಅವರ ಜರಿ ರುಮಾಲು ಚರಂಡಿಗೆ ಬಿತ್ತು. (ಸ್ವಯಂಚಾಲಿತ ವಾಹನವು ಸ್ವಜನಚಾಲಿತವಾದದ್ದು ಹೀಗೆ.)

ಚಿತ್ರದುರ್ಗಕ್ಕೆ ಮರಳಿದ ಕೂಡಲೇ ಹೆಂಡತಿ ಏಕಾಂತಮ್ಮ ಮನೆ ಬಾಗಿಲಲ್ಲಿ ತೀರ್ಪು ಕೊಟ್ಟರು.

"ಬರೋ ಭಾನುವಾರ ನಿಶ್ಚಿತಾರ್ಥ. ಅವತ್ತೂ ಬೀಗರ ಕೈಲಿ ತಳ್ಳಿಸಂಗಿದ್ರೆ ಮಗಳನ್ನ ಕರ್ಕಂಡು ನಾನು ಬಸ್ಸಿಗೆ ಹೋಗ್ತೀನಿ. ನೀವು ಈ ಡಬ್ಬ ಎಳಕಂಡು ಬರ್ರಿ."

"ತಪ್ಪು ಬ್ಯಾಟ್ರೀದು ಕಣೇ, ನಂದಲ್ಲ!"

"ಮದುವೆಯಾಗಿ ಇಪ್ಪತ್ತೆರಡು ವರ್ಷ ಆತು. ಒಂದಾದ್ರೂ ತಪ್ಪು ನಿಮ್ದಾಗೈತಾ?"

ಸೋಮವಾರದಿಂದ ನಂಬಿಕಸ್ತ ರಿಪೇರಿ ಅಂಗಡಿಯ ಮಹಾನ್ವೇಷಣೆ ಆರಂಭವಾಯಿತು. ಊರಿನ ಮೊದಲ ಅಂಗಡಿಯವನು ನಾಡಿ ಹಿಡಿದ ಪಂಡಿತನಂತೆ ಕಣ್ಣುಮುಚ್ಚಿ, "ಎರಡು ಸೆಲ್ ಹೋಗ್ಯಾವೆ" ಎಂದ. ಎರಡನೆಯವನ ಪ್ರಕಾರ ಬ್ಯಾಟರಿ ನಿರಪರಾಧಿ, ಅದಕ್ಕೆ ಕರೆಂಟು ತುಂಬುವ ಡೈನಮೋನೇ ಕಳ್ಳ. ಹಿರಿಯೂರಿನವನಂತೂ ಬಾನೆಟ್ಟನ್ನೂ ಎತ್ತದೆ, "ಮಾರೋದಾದ್ರೆ ಹೇಳ್ರಿ" ಎಂದುಬಿಟ್ಟ. ಮೂವರು ಸಾಕ್ಷಿಗಳು, ಮೂರು ಹೇಳಿಕೆ. ಇಂಥ ಕೇಸನ್ನು ಚಿತ್ರಲಿಂಗಪ್ಪನವರು ಕೋರ್ಟಿನಲ್ಲಾದರೆ ಸಲೀಸಾಗಿ ಗೆಲ್ಲುತ್ತಿದ್ದರು.

ಕಡೆಗೆ ಏಕಾಂತಮ್ಮನೇ ಮೆಕ್ಯಾನಿಕ್ ಕಲಂದರ್ ಹೆಸರು ಹೇಳಿದರು. ಅವನಪ್ಪ ಜಟಕಾ ಗಾಲಿ ಕಟ್ಟುವುದಕ್ಕೆ ಹೆಸರಾದವನು; ಮಗ, ಕೆಡದೆ ಇದ್ದದ್ದನ್ನು ಬಿಚ್ಚುವುದಿಲ್ಲ ಎಂಬುದಕ್ಕೆ. ಅವನು ಹೆಚ್ಚು ಮಾತಾಡದೆ ಬ್ಯಾಟರಿ ಚಾರ್ಜ್ ಮಾಡಿ ಕೊಟ್ಟ. ಶನಿವಾರ ಬೆಳಿಗ್ಗೆ ಮತ್ತೆ ಅದೇ ಗೊರಕೆ!

"ನೀನೂ ಆ ಗುಂಪಿನೋನೇ ಏನಪ್ಪ? ನಾಳೆ ನನ್ನ ಮಾನ ಹೋಗ್ತೈತೆ!" ಎಂದು ರೇಗಿದರು ವಕೀಲರು.

ಹೇಳಿಕಳಿಸಿದ್ದಕ್ಕೆ ಬೇರೆ ಬ್ಯಾಟರಿ ಹೊತ್ತು ಮನೆಗೇ ಬಂದಿದ್ದ ಕಲಂದರ್ ಕಾರನ್ನು ಎಬ್ಬಿಸಿ, "ನೀವು ಓಡಿಸ್ರಿ ಸಾರ್, ನಾನು ಪಕ್ಕ ಕುಂತ್ಕಂತೀನಿ. ಹೊಳಲ್ಕೆರೆ ರಸ್ತೇಲಿ ಒಂದು ಸುತ್ತು ಹೋಗಾಣ" ಎಂದ. ಏಕಾಂತಮ್ಮ ತಾವಾಗಿಯೇ ಹಿಂದೆ ಹತ್ತಿದರು.

ಮೊದಲ ಇಳಿಜಾರು ಬಂದ ಕೂಡಲೇ ಚಿತ್ರಲಿಂಗಪ್ಪನವರು ಗಂಭೀರವಾಗಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. ಪೆಟ್ರೋಲಿನ ಬೆಲೆ ಕೋಟೆ ಹತ್ತಿ ಕುಳಿತ ಮೇಲೆ ಅವರು ಸಿದ್ಧಿಸಿಕೊಂಡ ವಿದ್ಯೆ ಇದು. ಕಾರು ಸದ್ದಿಲ್ಲದೆ ಹಂಸದಂತೆ ತೇಲಿತು. ತಗ್ಗು ಮುಗಿದಲ್ಲಿ ಸೆಲ್ಫ್ ಹೊಡೆದು ಇಂಜಿನ್ ಎಬ್ಬಿಸಿದರು. ಮುಂದಿನ ಇಳಿಜಾರಿನಲ್ಲಿ ಮತ್ತೆ ಆರಿಸಿದರು.

"ಹೊಳಲ್ಕೆರೆಗೆ ಹೋಗಿಬರೋದ್ರೊಳಗೆ ಹತ್ತೊಂಬತ್ತು ಸಲ ಆರಿಸ್ತೀನಿ, ಗೊತ್ತಾ?" ಎಂದರು ಹೆಮ್ಮೆಯಿಂದ. "ಆ ಮೂವರಲ್ಲಿ ಒಬ್ಬನಾದ್ರೂ ಕೇಳಿದ್ರೆ ಹೇಳಿಕೊಡ್ತಿದ್ದೆ."

ಕಲಂದರ್ ಕೈಯಲ್ಲಿದ್ದ ಸ್ಪ್ಯಾನರನ್ನು ನಿಧಾನವಾಗಿ ಚೀಲಕ್ಕೆ ಹಾಕಿಕೊಂಡ.

"ಇಂಜಿನ್ ಓಡ್ತಿದ್ರೇನೇ ಬ್ಯಾಟ್ರಿಗೆ ಊಟ ಸಾರ್. ನೀವು ಅದನ್ನ ಉಪವಾಸ ಕೆಡವಿ, ಹತ್ತೊಂಬತ್ತು ಸಲ ಗುಂಡುಕಲ್ಲು ಎತ್ತು ಅಂತೀರಿ."

"ನಮ್ಮನೇಲಿ ಎಲ್ಲರ ಪಾಡೂ ಅದೇ, ಬಿಡಪ್ಪ" ಎಂದಿತು ಹಿಂದಿನ ಸೀಟು.

ವಕೀಲರು ಉದಾರವಾಗಿ ಕೇಳಿದರು:

"ಆತಪ್ಪ. ನಾಳೆ ಬೀಗರ ಮುಂದೆ ಮರ್ಯಾದೆಯಾಗಿ ಹೋಗಿಬರಬೇಕಂದ್ರೆ ಏನು ಬದಲಾಯಿಸ್ಬೇಕು? ಸೆಲ್ಲೋ, ಡೈನಮೋನೋ? ಮುಚ್ಚುಮರೆ ಇಲ್ದಂಗೆ ಹೇಳಿಬಿಡು."

ಕಲಂದರ್ ಹಿಂದೆ ತಿರುಗಿ ಏಕಾಂತಮ್ಮನವರನ್ನು ನೋಡಿದ.

"ಸಾಮಾನೆಲ್ಲ ಗಟ್ಟಿಮುಟ್ಟಾಗವೆ ಸಾರ್... ಅಮ್ಮಾರಿಗೆ ಡ್ರೈವಿಂಗ್ ಬರ್ತೈತೇನ್ರಿ?"