ಎರಡು ಚಮಚ ಕಡಲೆ ಹುಳಿ

ಹೊಟ್ಟೆ ಬಂದದ್ದು ನನ್ನ ತಪ್ಪಲ್ಲ, ಪಂಚಾಯ್ತಿ ಕುರ್ಚಿಯ ತಪ್ಪು. ಆ ಕುರ್ಚಿಯಲ್ಲಿ ಕೂರುವ ಮೊದಲು ನಾನು ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಕೊರೆದುಕೊಳ್ಳುತ್ತಿದ್ದ ಮನುಷ್ಯ. ಕೂತ ನಾಲ್ಕೇ ವರ್ಷಕ್ಕೆ ತೂತುಗಳೆಲ್ಲ ಮುಗಿದು ಬೆಲ್ಟನ್ನೇ ಬದಲಿಸಬೇಕಾಯಿತು.

ನಾನು ಅಂಜಿನೇಯಲು, ಬಿ.ಎ. ಕೂಡ್ಲಿಗಿ ಕಡೆಯ ಕೂಲಿ ಮನೆಯವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನ ಕೆಲಸವನ್ನು ಪೆನ್ನಿಗೆ ವಹಿಸಿದ ಮೊದಲ ಪುರುಷ. ಸದ್ಯ ಕೊಟ್ಟೂರಿನಿಂದ ಎಂಟು ಕಿಲೋಮೀಟರ್ ಒಳಗಿರುವ ಒಂದು ಗ್ರಾಮ ಪಂಚಾಯ್ತಿಗೆ ಕಾರ್ಯದರ್ಶಿ. (ಊರಿನ ಹೆಸರು ಬೇಡ. ನಾನು, ಊರು ಇಬ್ಬರಲ್ಲಿ ಮರ್ಯಾದೆ ಉಳಿದಿರುವುದು ಅದಕ್ಕೊಂದಕ್ಕೇ.)

ನನ್ನ ಹೆಂಡತಿ ಸುಮಲತಾ ಹರಪನಹಳ್ಳಿಯವಳು. ಅವಳು ಫೋನಿನಲ್ಲಿ ಯಾರೋ ತೆಳ್ಳನೆಯ ಹೆಂಗಸಿನ ಉಪದೇಶ ಕೇಳಿ ಸೇಬಿನ ವಿನೆಗರಿನ ಒಂದು ಬಾಟಲಿ ತರಿಸಿದಳು. ದಿನಾ ಮುಂಜಾನೆ ಬರಿಹೊಟ್ಟೆಯಲ್ಲಿ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ. ಮೊದಲ ಗುಟುಕಿಗೇ ನನ್ನ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ಏನ ಇದು, ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕೋ ನೀರೇನು?"

"ಬ್ಯಾಟರಿ ಡೌನ್ ಆದೋರಿಗೇ ಕೊಡೋದ್ರಿ ಅದನ್ನ. ಮೂಗು ಹಿಡ್ಕಂಡು ಕುಡೀರಿ."

"ಸೇಬು ಕಾಶ್ಮೀರದ್ದು, ಹುಳಿ ಫಾರಿನ್‌ದು, ಹೊಟ್ಟಿ ಮಾತ್ರ ನನ್ನದು. ಇದು ಹೊಂದಾಣಿಕಿ ಆಗಾಂಗಿಲ್ಲ ಬಿಡು. ನಮ್ಮ ಕಡ್ಲಿ ಹುಳಿ ಮುಂದ ಇದ್ಯಾವ ಲೆಕ್ಕ?"

ಬಾಯಿ ತಪ್ಪಿ ಬಂದ ಮಾತು. ಆದರೆ ಬಂದ ಮೇಲೆ ನನಗೇ ಬಹಳ ಚಂದ ಕಂಡಿತು. ಎರೆಹೊಲದ ಕಡಲೆ ಗಿಡ ಚಳಿಗಾಲದಲ್ಲಿ ಎಲೆಯ ಮೇಲೆಲ್ಲ ಹುಳಿ ಸುರಿಸುತ್ತದೆ. ಇಬ್ಬನಿ ಬಿದ್ದ ಮುಂಜಾವಿನಲ್ಲಿ ತೆಳುವಾದ ಬಿಳಿ ಬಟ್ಟೆಯನ್ನು ಗಿಡಗಳ ತಲೆಯ ಮೇಲೆ ಹಾಸಿ ಮೆಲ್ಲಗೆ ಎಳೆದರೆ ಇಬ್ಬನಿಯೂ ಹುಳಿಯೂ ಕೂಡಿ ಬಟ್ಟೆಗೆ ಇಳಿಯುತ್ತವೆ. ಹಿಂಡಿ ಸೋಸಿ ಸೀಸೆಗೆ ತುಂಬಿದರೆ ಅದೇ ಕಡಲೆ ಹುಳಿ. ನನ್ನ ತಾಯಿ ಹೊನ್ನೂರಮ್ಮ ಬದುಕಿದ್ದಷ್ಟು ದಿನ ಗೋಡೆಯ ಗೂಡಿನಲ್ಲಿ ಒಂದು ಸೀಸೆ ಇದ್ದೇ ಇರುತ್ತಿತ್ತು. ಹೊಟ್ಟೆನೋವೆಂದು ಬಂದವರಿಗೆಲ್ಲ ಎರಡು ಚಮಚ. (ನಾನು ಕಾಲೇಜು ಸೇರಿದ ಮೇಲೆ ಗೆಳೆಯರು ಮನೆಗೆ ಬಂದಾಗ ಆ ಸೀಸೆಯನ್ನು ಬಚ್ಚಿಡುತ್ತಿದ್ದೆ. ಡಿಗ್ರಿ ಅನ್ನುವುದು ಹಾಗೆಲ್ಲ ಮಾಡಿಸುತ್ತದೆ.)

"ಹಂಗಾರೆ ಮಾಡ್ಕಂಡು ಬರ್ರಿ ನೋಡೋಣ," ಎಂದಳು ಸುಮಲತಾ. "ನಿಮ್ಮ ಅವ್ವ ಮಾಡ್ತಿದ್ರು ಸರಿ. ನೀವು ಯಾವತ್ತಾದ್ರೂ ಹಿಂಡೀರೇನು?"

"ಪದವೀಧರ ನಾನು. ಒಂದು ಬಟ್ಟಿ ಹಿಂಡಾಕ ಬರಂಗಿಲ್ಲೇನು?"

"ಮದ್ವಿ ಆಗಿ ಆರು ವರ್ಷ ಆತು, ನಿಮ್ಮ ಬನೀನು ಒಂದು ಸಲ ಹಿಂಡಿದ್ದು ನಾ ನೋಡಿಲ್ಲ."

ಪ್ರತಿಜ್ಞೆ ಮಾಡಿಬಿಟ್ಟೆ. ಆದರೆ ಹೊಲ ಎಲ್ಲಿಯದು? ಊರ ಸುತ್ತ ಕಡಲೆಗೇನೂ ಬರವಿಲ್ಲ. ಎಲ್ಲರೂ ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆಯುವವರೇ. ಅಂಥ ಹೊಲದ ಹುಳಿ ಕುಡಿದರೆ ಹೊಟ್ಟೆಯಲ್ಲ, ಹೊಟ್ಟೆಯ ಯಜಮಾನನೇ ಕರಗಿಹೋದಾನು. ಔಷಧಿ ಮುಟ್ಟದ ಹೊಲ ಇಡೀ ಊರಿಗೆ ಒಂದೇ ಇತ್ತು. ಅದು ಜಂಬಕ್ಕನದು.

ಜಂಬಕ್ಕನನ್ನು ಕೇಳುವ ಮುಖ ನನಗಿರಲಿಲ್ಲ. ಯಾಕೆಂದು ಹೇಳಲೇಬೇಕು.

ಮೂರು ವರ್ಷದ ಹಿಂದೆ ಯಾರೂ ಬಯಲಕಡೆಗೆ ಹೋಗಬಾರದೆಂದು ನಾನು ನಸುಕಿನಲ್ಲೇ ಕೊರಳಿಗೆ ಸೀಟಿ ಕಟ್ಟಿಕೊಂಡು ಊರ ಸುತ್ತ ತಿರುಗುತ್ತಿದ್ದೆ. ಜೊತೆಗೆ ಊರಿಗೆ ನೀರು ಬಿಡುವ ನಮ್ಮ ನೀರುಗಂಟಿ ದುರುಗಪ್ಪ. ತಂಬಿಗೆ ಹಿಡಿದವರು ಕಂಡರೆ ಸೀಟಿ. ಸೀಟಿಗೆ ಹೆದರದವರಿಗೆ ಹಾರ. ಚೆಂಡುಹೂವಿನ ಹಾರ ಹಾಕಿ ಸನ್ಮಾನಿಸುವ ಉಪಾಯ ನನ್ನದೇ. ಒಂದು ದಿನ ಜಾಲಿಪೊದೆಯ ಹಿಂದೆ ಸಿಕ್ಕಿದ್ದು ಎಪ್ಪತ್ತು ದಾಟಿದ ಜಂಬಕ್ಕ. ಸೆರಗಿನಿಂದ ತಂಬಿಗೆ ಮುಚ್ಚಿಕೊಂಡು, "ಎಮ್ಮಿ ಹುಡುಕಾಕ ಬಂದಿದ್ನೆಪ್ಪಾ," ಎಂದಳು. ನಾನು ನಗುತ್ತಾ ಅವಳ ಕೊರಳಿಗೆ ಹಾರ ಹಾಕಿ, ಫೋಟೋ ತೆಗೆದು, ಪಂಚಾಯ್ತಿ ವಾಟ್ಸಾಪ್ ಗುಂಪಿಗೆ ಬಿಟ್ಟೆ. ನಲವತ್ತೆರಡು ಮಂದಿ ಚಪ್ಪಾಳೆಯ ಚಿತ್ರ ಹಾಕಿದರು. ಅವತ್ತು ನಾನು ಎರಡು ಮುದ್ದೆ ಹೆಚ್ಚಿಗೆ ಉಂಡೆ. ಆಮೇಲೆ ಜಂಬಕ್ಕ ಎಂಟು ದಿನ ಹೊಸ್ತಿಲು ದಾಟಲಿಲ್ಲವೆಂದು ದುರುಗಪ್ಪ ಹೇಳಿದ. ಕೇಳಿಸಿಕೊಂಡು ಫೈಲು ತೆರೆದೆ.

ಹೀಗಾಗಿ ಕೇಳದೆಯೇ ಹೋಗುವುದೆಂದು ತೀರ್ಮಾನವಾಯಿತು. ಕೈಯಲ್ಲಿ ಬಟ್ಟೆ ಕಂಡರೆ ಹಾದಿಯಲ್ಲಿ ನಾಲ್ಕು ಜನ ಕೇಳುತ್ತಾರೆ. ಆದ್ದರಿಂದ ಹೊಸ ಬಿಳಿ ಪಂಚೆಯನ್ನೇ ಉಟ್ಟುಕೊಂಡೆ. ಹೋಗುವಾಗ ಅದು ಉಡುಪು, ಹೊಲದಲ್ಲಿ ಉಪಕರಣ, ಬರುವಾಗ ಮತ್ತೆ ಉಡುಪು. ಎಂಥ ಯೋಜನೆ! ಹಿಂಡಿದ ಹುಳಿಗೆ ಒಂದು ತಂಬಿಗೆ. ಗಾಜಿನ ಬಾಟಲಿ ಒಯ್ಯು ಎಂದು ಹೇಳಲು ನನ್ನೊಳಗೆ ಯಾರೂ ಇರಲಿಲ್ಲ.

ಮೂಡಲ ಆಗಷ್ಟೇ ಬೆಳ್ಳಗಾಗುತ್ತಿತ್ತು. ಹೊಲದ ನಡುವೆ ಪಂಚೆ ಬಿಚ್ಚಿ, ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತು ಗಿಡಗಳ ಮೇಲೆ ಹಾಸಿ ಎಳೆದೆ. ಕಡಲೆ ಹುಳಿ ಎಲೆಯ ಮೇಲಷ್ಟೇ ಇರುತ್ತದೆ ಎಂದುಕೊಂಡಿದ್ದೆ. ಬರಿಗಾಲಿನವರ ಮೊಣಕಾಲಿನವರೆಗೂ ಅದು ವ್ಯಾಪಿಸುತ್ತದೆ. ಅರ್ಧ ಸಾಲು ಮುಗಿಯುವುದರಲ್ಲಿ ಕಾಲುಗಳಿಗೆ ಕೆಂಡದ ಇರುವೆ ಮುತ್ತಿದಂತೆ ಕಡಿತ. ಒಂದು ಕಾಲಿನಿಂದ ಇನ್ನೊಂದನ್ನು ಕೆರೆಯುತ್ತಾ, ಕೊಕ್ಕರೆಯಂತೆ ಕುಣಿಯುತ್ತಾ ಎರಡು ಸಾಲು ಎಳೆದು ತಂಬಿಗೆಗೆ ಹಿಂಡಿದೆ. ಅಷ್ಟರಲ್ಲಿ ಬದುವಿನ ಕಡೆ ಹೆಜ್ಜೆ ಸಪ್ಪಳ. ತಟ್ಟನೆ ತಂಬಿಗೆಯನ್ನು ಮುಂದಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಓದುಗರೇ, ಆ ಭಂಗಿಯನ್ನು ಒಮ್ಮೆ ಊಹಿಸಿ. ನಾನು ಊಹಿಸುವ ಹೊತ್ತಿಗೆ ತಡವಾಗಿತ್ತು.

"ಯಾರಲೇ ಅದು ನನ್ನ ಹೊಲ್ದಾಗ?"

ಜಂಬಕ್ಕನ ದನಿ. ತಲೆ ಎತ್ತದೆ ಬೇರೆ ದಾರಿಯಿರಲಿಲ್ಲ.

"ನಾನು ಅಜ್ಜಿ… ಸೆಕ್ರೆಟ್ರಿ."

ಅವಳು ಸರಕ್ಕನೆ ತಿರುಗಿ ನನಗೆ ಬೆನ್ನು ಮಾಡಿ ನಿಂತಳು.

"ಕುಂದ್ರ್ರಿ ಕುಂದ್ರ್ರಿ. ಏಳಬ್ಯಾಡ್ರಿ. ನಾ ಏನೂ ನೋಡಿಲ್ಲ."

"ಹಂಗಲ್ಲಜ್ಜಿ! ಹುಳಿ! ಕಡ್ಲಿ ಹುಳಿ ಹಿಂಡಾಕ ಬಂದೀನಿ!"

"ಹೂನಪ್ಪಾ, ಹುಳೀನಾ. ನಾವೂ ಏನಾರ ಒಂದು ಹೇಳ್ತಿದ್ವಿ."

"ಅಯ್ಯೋ, ಖರೇ ಅಜ್ಜಿ. ಬೇಕಾದ್ರ ಈ ತಂಬಿಗ್ಯಾಗ ನೋಡು!"

"ತೋರಿಸಬ್ಯಾಡೋ ಯಪ್ಪಾ!" ಎಂದು ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡು, ಆ ವಯಸ್ಸಿಗೆ ಸಲ್ಲದ ವೇಗದಲ್ಲಿ ಬದು ಹತ್ತಿ ಹೋದಳು.

ಒದ್ದೆ ಪಂಚೆ ಸುತ್ತಿಕೊಂಡು ಮನೆ ಸೇರಿ ಹಿಂಡಿದ್ದನ್ನು ಲೋಟಕ್ಕೆ ಸುರಿದೆ. ಸರಿಯಾಗಿ ಎರಡು ಚಮಚ. ಹೊಸ ಪಂಚೆಯ ಗಂಜಿಯೂ ಇಳಿದು ಬೆಳ್ಳಗೆ ಮಂದವಾಗಿತ್ತು. ಅವ್ವನ ಬಟ್ಟೆ ಹತ್ತಾರು ಸಲ ಬರಿನೀರಲ್ಲಿ ಒಗೆದು ಮೆತ್ತಗಾದ ಹಳೇ ಧೋತರವಾಗಿತ್ತು ಎಂಬುದು ಆಗ ನೆನಪಾಯಿತು. ಸುಮಲತಾ ಮೂಸಿ ನೋಡಿದಳು.

"ಇದನ್ನ ಕುಡೀಬೇಕಾ, ಇಲ್ಲಾ ಗೋಡೆಗೆ ಕ್ಯಾಲೆಂಡರ್ ಅಂಟಿಸ್ಬೇಕಾ?"

ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಅದರಿಂದಲೇ ವಿಷಯದ ಗಂಭೀರತೆ ನನಗೆ ತಿಳಿಯಿತು.

"ಸೋಮವಾರ ಗ್ರಾಮಸಭೆ ಐತಲ್ರೀ," ಎಂದಳು.

ಅದೇ ನನ್ನ ಎದೆಯ ಮೇಲಿನ ಕಲ್ಲು. ಶೌಚಾಲಯ ಕಟ್ಟಿಸಿಕೊಂಡೂ ಬಯಲಿಗೇ ಹೋಗುವ ಹನ್ನೊಂದು ಮನೆಗಳ ಹೆಸರನ್ನು ಆ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇನೆಂದು ತಿಂಗಳ ಮೊದಲೇ ಡಂಗುರ ಸಾರಿಸಿದ್ದೆ. ಹೊರಗಿನಿಂದ ಬಂದ ಕೂಲಿಯವನ ಮಗನ ಮಾತಿಗೆ ಆ ಊರಲ್ಲಿ ಒಂದು ತೂಕ ಬಂದಿದ್ದರೆ ಅದು ಈ ಕೆಲಸದಿಂದ. ಜಂಬಕ್ಕ ಬಾಯಿ ಬಿಟ್ಟರೆ ಆ ತೂಕ ಹೋಗಿ, ಹೊಟ್ಟೆಯದೊಂದೇ ಉಳಿಯುತ್ತಿತ್ತು.

ಜಂಬಕ್ಕ ಬಾಯಿ ಬಿಡಲಿಲ್ಲ. ಆದರೆ ಬೋರು ಚಾಲೂ ಮಾಡಲು ಹೊರಟಿದ್ದ ದುರುಗಪ್ಪ, ನಾನು ತಂಬಿಗೆ ಪಕ್ಕಕ್ಕಿಟ್ಟು ಪಂಚೆ ಸುತ್ತಿಕೊಳ್ಳುವುದನ್ನು ದೂರದಿಂದ ಕಂಡಿದ್ದ. ಹತ್ತು ಗಂಟೆಗೆ ಆಫೀಸಿಗೆ ಹೋದರೆ ಅವನು ಕೈಕಟ್ಟಿ ನಿಂತಿದ್ದಾನೆ.

"ಸಾಹೇಬ್ರ, ನಿಮ್ಮ ಮನಿಗೆ ನೀರು ಬರಾಕತ್ತಿಲ್ಲೇನ್ರಿ? ಹೇಳಬಾರ್ದೇನ್ರಿ? ವಾಲು ಒಂದು ಸುತ್ತು ಹೆಚ್ಚಿಗಿ ತಿರುವ್ತೀನಿ."

"ನೀರು ಬರಾಕತ್ತೈತಿ ದುರುಗಪ್ಪ."

"ಹಂಗಾರ ಪೈಪು ಕಟ್ಟಿಕೊಂಡಿರಬೇಕು ಬಿಡ್ರಿ," ಎಂದು ಬಹಳ ಕರುಣೆಯಿಂದ ತಲೆಯಾಡಿಸಿದ. ಸಂಜೆ ಚಹಾದಂಗಡಿಯಲ್ಲಿ ನಾನು ಕೂತ ಕೂಡಲೇ ಎಲ್ಲರೂ ಹವಾಮಾನದ ಬಗ್ಗೆ ಮಾತಾಡತೊಡಗಿದರು. ನಮ್ಮೂರಲ್ಲಿ ಹವಾಮಾನದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಸೋಮವಾರ ಬಂತು. ಶಾಲೆಯ ಅಂಗಳದಲ್ಲಿ ಜಮಖಾನೆ, ಅದರ ಮೇಲೆ ಎಂದೂ ಇಲ್ಲದಷ್ಟು ಜನ. ಹನ್ನೊಂದು ಹೆಸರನ್ನು ಆದಷ್ಟು ಮೆಲ್ಲಗೆ ಓದಿದೆ. ಆರನೆಯ ಹೆಸರಿನ ಪಾಲಣ್ಣ ಎದ್ದು ನಿಂತ.

"ಸಾಹೇಬ್ರ, ಹನ್ನೆರಡನೇ ಹೆಸರು ಯಾಕ ಬಿಟ್ರಿ?"

ನಗು ಜಮಖಾನೆಯ ಈ ತುದಿಯಿಂದ ಆ ತುದಿಗೆ ಹೋಗಿ, ಗೋಡೆಗೆ ಬಡಿದು ವಾಪಸು ಬಂತು. ನಾನು ಗಂಟಲು ಸರಿಮಾಡಿಕೊಂಡು, "ಮಹಾಜನರೇ, ಕಡಲೆ ಗಿಡದ ಎಲೆಯಲ್ಲಿ ಆಮ್ಲವಿರುತ್ತದೆ. ಅದನ್ನು ಇಬ್ಬನಿಯ ಸಮೇತ ಸಂಗ್ರಹಿಸುವುದು ನಮ್ಮ ಪೂರ್ವಿಕರ…" ಎಂದು ಶುರುಮಾಡಿದೆ.

"ಪಂಚಿ ಯಾಕ ಬಿಚ್ಚಿದ್ರಿ?"

"ಆಮ್ಲ ಹೀರಿಕೊಳ್ಳಲು."

"ಕುಂತಿದ್ದು ಯಾಕ್ರಿ?"

"ಯಾರೂ ನೋಡಬಾರದೆಂದು."

ಆ ಮೇಲಿನ ನಗುವಿನಲ್ಲಿ ಪಂಚಾಯ್ತಿ ಅಧ್ಯಕ್ಷರೂ ಪಾಲ್ಗೊಂಡರು. ನನ್ನ ಕಿವಿ ಕಾದ ಹಂಚಾಗಿತ್ತು. ರಜೆ ಹಾಕಿ ಊರು ಬಿಡುವುದೋ, ವರ್ಗಾವಣೆಗೆ ಅರ್ಜಿ ಬರೆಯುವುದೋ ಎಂದು ಯೋಚಿಸುತ್ತಿದ್ದೆ. ಆಗ ಹೆಂಗಸರ ಸಾಲಿನಿಂದ ಜಂಬಕ್ಕ ಎದ್ದಳು. ಮುಗಿಯಿತು ಅಂದುಕೊಂಡೆ. ಹಾರದ ಲೆಕ್ಕ ಚುಕ್ತಾ ಮಾಡಲು ಇದಕ್ಕಿಂತ ಒಳ್ಳೆಯ ಸಭೆ ಅವಳಿಗೆ ಸಿಗುತ್ತಿರಲಿಲ್ಲ.

"ಏ ಪಾಲಣ್ಣ, ಕುಂದ್ರಲೇ. ಹಲ್ಲು ಅದಾವಂತ ಕಿಸೀಬ್ಯಾಡ. ಹೊಲ ನಂದು. ಸಾಹೇಬ್ರಿಗೆ ನಾನಾ ಹೇಳಿದ್ದೆ, ಹುಳಿ ಹಿಂಡ್ಕೊಂಡು ಹೋಗ್ರಿ ಅಂತ. ಹಿಂಡುವಾಗ ಅಲ್ಲೇ ನಿಂತಿದ್ದೆ. ನಾಲಿಗಿ ಮ್ಯಾಲ ಬಿಟ್ಕೊಂಡೂ ನೋಡೀನಿ. ಭಾಳ ಚಲೋ ಹುಳಿ ಐತಿ. ಮತ್ತೇನಾರ ಕೇಳೂದೈತೇನು?"

ಕಡಲೆ ಬೆಳೆಯುವವಳು ಹುಳಿ ಎಂದ ಮೇಲೆ ಅದು ಹುಳಿಯೇ. ಪಾಲಣ್ಣ ಕೂತ. ಸಭೆ ಬೀದಿದೀಪದ ವಿಷಯಕ್ಕೆ ಹೋಯಿತು.

ಸಭೆ ಮುಗಿದೊಡನೆ ಅವಳ ಹಿಂದೆ ಓಡಿದೆ. ಬೇವಿನಮರದ ಹತ್ತಿರ ಸಿಕ್ಕಳು.

"ಅಜ್ಜಿ, ಮೂರು ವರ್ಷದ ಹಿಂದ ನಾ ನಿನಗ ಹಾರ ಹಾಕಿದ್ದು…" ಕ್ಷಮೆ ಕೇಳುವುದನ್ನು ಬಿ.ಎ.ಯಲ್ಲಿ ಕಲಿಸಿರಲಿಲ್ಲ.

"ಇರ್ಲಿ ಬಿಡಪ್ಪಾ. ಹೂವು ಚಲೋ ಇದ್ವು."

"ತಪ್ಪಾತಜ್ಜಿ. ನನ್ನ ಮಾತು ಯಾರೂ ನಂಬಲಿಲ್ಲ, ನನ್ನ ಕೂಡ ಕೆಲಸ ಮಾಡೋ ದುರುಗಪ್ಪನೂ ನಂಬಲಿಲ್ಲ. ನೀನೊಬ್ಬಾಕೀನಾ ನಂಬಿದಿ."

"ಏನು ನಂಬೂದು?"

"ಅದಾ, ಹುಳಿ ಹಿಂಡಾಕ ಬಂದಿದ್ದೆ ಅನ್ನೂದು."

ಜಂಬಕ್ಕ ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರ ಸರಿದಳು.

"ಯಪ್ಪಾ, ಐವತ್ತು ವರ್ಷ ಕಡ್ಲಿ ಬೆಳದೀನಿ. ಚಡ್ಡಿ ಮ್ಯಾಲ ಕುಂತು ಹುಳಿ ಹಿಂಡೋರನ್ನ ಒಬ್ಬರನ್ನೂ ಕಂಡಿಲ್ಲ. ಆದ್ರ ಅಷ್ಟು ಮಂದ್ಯಾಗ ಒಬ್ಬ ಮನಷ್ಯಾನ ಮಾನ ತಗೀಬಾರ್ದು ನೋಡು, ಅದಕ್ಕ ಒಂದು ಸುಳ್ಳು ಹೇಳ್ದೆ."

ನಾನು ಬಾಯಿ ತೆರೆದೆ. ಆಮ್ಲ, ಇಬ್ಬನಿ, ಗಂಜಿ, ಅವ್ವನ ಸೀಸೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಅವಳು ನನ್ನ ತೋಳು ತಟ್ಟಿದಳು.

"ವಯಸ್ಸಾದ್ರ ತಡಿಯಾಕ ಆಗಂಗಿಲ್ಲ, ನನಗ ಗೊತ್ತೈತಿ. ನಿಮಗ ವಯಸ್ಸಿಲ್ಲ, ಹೊಟ್ಟಿ ಐತಿ. ಇನ್ನ ಮ್ಯಾಲ ಅವಸರ ಆದ್ರ ಹೊಲಕ್ಕ ಓಡಬ್ಯಾಡ್ರಿ. ನಮ್ಮ ಹಿತ್ಲಾಗ ಪಾಯಿಖಾನಿ ಐತಿ, ಬಕೀಟು ತುಂಬೇ ಇರ್ತದ. ಚಿಲಕ ಒಂಚೂರು ಎತ್ತಿ ಎಳೀಬೇಕು, ಅಷ್ಟ. ಸಂಕೋಚ ಮಾಡ್ಕೋಬ್ಯಾಡ್ರಿ, ನಾ ಯಾರ ಮುಂದೂ ಹೇಳಂಗಿಲ್ಲ."

"ಆಗ್ಲಿ ಅಜ್ಜಿ," ಎಂದೆ. "ಬರ್ತೀನಿ."